ಹ್ಯಾಂಡಲ್ ಹೊಡೆದು ಹೊರಡುವ ಕಾರು

ಈಗಿನ ಕಾರುಗಳ ಮೇಲೆ ನನಗೇನೂ ಸಿಟ್ಟಿಲ್ಲ ಕಣ್ರೀ. ಗುಂಡಿ ಒತ್ತಿದರೆ ಸ್ಟಾರ್ಟು, ಹಿಂದಕ್ಕೆ ತೆಗೆದರೆ ಕುಂಯ್ ಕುಂಯ್ ಅಂತ ಎಚ್ಚರಿಕೆ, ಬೆಲ್ಟ್ ಹಾಕದಿದ್ದರೆ ಗದರಿಕೆ. ಎಲ್ಲಾ ಒಳ್ಳೇದಕ್ಕೇ. ಆದರೆ ಬಾನೆಟ್ ಎತ್ತಿ ನೋಡಿ ಒಮ್ಮೆ. ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಮುಚ್ಚಳ ಕಾಣುತ್ತೆ, ಅಷ್ಟೇ. ಅದರ ಕೆಳಗೆ ಏನು ನಡೀತಿದೆ ಅನ್ನೋದು ಸರ್ವಿಸ್ ಸ್ಟೇಷನ್ನಿನ ಲ್ಯಾಪ್‌ಟಾಪಿಗೆ ಗೊತ್ತು, ಗಾಡಿ ಕೊಂಡವರಿಗೆ ಗೊತ್ತಿಲ್ಲ. ದುಡ್ಡು ನಮ್ಮದು, ಕಂತು ನಮ್ಮದು, ಕಾರು ಮಾತ್ರ ಪೂರ್ತಿ ನಮ್ಮದಾಗೋದೇ ಇಲ್ಲ ಅನ್ನಿಸುತ್ತೆ, ಅಲ್ವಾ?

ಈ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ನಮ್ಮ ಚಿಕ್ಕಪ್ಪನ ಮಗಳು ಅಲ್ಲೇ ಇರೋದು. ಒಂದು ಬೇಸಿಗೆ ಅವಳ ಮನೆಗೆ ಹೋಗಿ ಉಳಿದಿದ್ದೆ. ಅವಳ ಪಕ್ಕದ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ಅವರು ಬದುಕ್ತಿರೋದು ಈ ಶತಮಾನದಲ್ಲಲ್ಲ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲದಲ್ಲಿ. ಆತ ತರಕಾರಿ ತರೋಕೆ ಹೊರಟರೂ ಉಣ್ಣೆ ಬಟ್ಟೆಯ ಮೂರು ಪೀಸಿನ ಸೂಟು, ತಲೆ ಮೇಲೆ ಟೋಪಿ. ಆಕೆಯ ಕೂದಲು ಹಳೇ ಸಿನಿಮಾ ನಟಿಯರ ಹಾಗೆ ಅಲೆ ಅಲೆಯಾಗಿ ಕೂತಿರುತ್ತೆ. ಮನೆಯೊಳಗೆ ಕಪ್ಪು ಬೇಕಲೈಟಿನ ಟೆಲಿಫೋನು, ಬಿಸಿಯಾಗೋಕೆ ಅರ್ಧ ನಿಮಿಷ ತಗೊಳ್ಳೋ ವಾಲ್ವ್ ರೇಡಿಯೋ, ಕೀಲಿ ಕೊಡೋ ಗ್ರಾಮೋಫೋನು. ಹಾಗಂತ ಅತಿಗೆ ಹೋದವರೂ ಅಲ್ಲ. ಫ್ರಿಜ್ ಇದೆ, ರಕ್ತದೊತ್ತಡದ ಮಾತ್ರೆ ಈಗಿನದೇ. ಆಕೆ ನನಗೆ ಹೇಳಿದರು: ಆ ಕಾಲದ ಚೆಂದ ಮಾತ್ರ ಇಟ್ಟುಕೊಂಡಿದ್ದೀವಿ, ಆ ಕಾಲದ ಕಾಯಿಲೆ, ಬಡತನ, ಹೆಂಗಸರ ಬವಣೆ ಎಲ್ಲಾ ಅಲ್ಲೇ ಇರಲಿ ಅಂತ. ಒಪ್ಪತಕ್ಕ ಮಾತು. ರುಬ್ಬೋ ಕಲ್ಲಿನ ಚಟ್ನಿ ರುಚಿ ಅಂತ ಬರೆಯೋ ಗಂಡಸರು ಯಾರೂ ದಿನಾ ಬೆಳಗ್ಗೆ ಎದ್ದು ರುಬ್ಬಿದವರಲ್ಲ ಅನ್ನೋದು ನಮ್ಮಮ್ಮನ ಖಾಯಂ ಮಾತು.

ಮನೆ, ಬಟ್ಟೆ, ರೇಡಿಯೋ ಇವೆಲ್ಲಾ ನಾಲ್ಕು ಗೋಡೆ ಒಳಗಿನ ವ್ಯವಹಾರ. ಯಾರೂ ಅಡ್ಡಿ ಮಾಡಲ್ಲ. ಆದರೆ ಅವರ ಕಾರು ಇದೆಯಲ್ಲ, ಅದು ಎಲ್ಲರೂ ಓಡಾಡೋ ರಸ್ತೆಗೆ ಇಳಿಯಬೇಕು, ಬಸ್ಸು ಲಾರಿಗಳ ನಡುವೆ ನುಸುಳಬೇಕು, ಸಂಜೆ ಹೊತ್ತಿಗೆ ಮನೆಗೆ ಬರಬೇಕು. ಹಳೇ ಕಾಲ ನಿಜವಾಗಿ ಪರೀಕ್ಷೆಗೆ ಕೂರೋದು ಅಲ್ಲಿ. ಅವರದು 1931ರ ಆಸ್ಟಿನ್ ಸೆವೆನ್. ಅದೂ ಎಲ್ಲಿ ಅಂತೀರಿ, ಆ ಕಾರು ಹುಟ್ಟಿದ ಲಾಂಗ್‌ಬ್ರಿಜ್ ಕಾರ್ಖಾನೆ ಇದ್ದಿದ್ದು ಅದೇ ಊರಿನ ಅಂಚಿನಲ್ಲಿ.

ಆಸ್ಟಿನ್ ಸೆವೆನ್ ಕಥೆ ಗೊತ್ತಲ್ಲ ನಿಮಗೆ. ಹರ್ಬರ್ಟ್ ಆಸ್ಟಿನ್ ಪುಟ್ಟ ಕಾರು ಮಾಡ್ತೀನಿ ಅಂದಾಗ ಕಂಪೆನಿಯ ನಿರ್ದೇಶಕರು ಬೇಡ ಅಂದರು. ಮನುಷ್ಯ ಬಿಡಲಿಲ್ಲ. ಸ್ಟ್ಯಾನ್ಲಿ ಎಡ್ಜ್ ಅನ್ನೋ 18ರ ಹುಡುಗನನ್ನ ಕರಕೊಂಡು ಹೋಗಿ, ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಸಿದ. 1922ರಲ್ಲಿ ಕಾರು ಹೊರಗೆ ಬಂತು. ಸ್ವಂತ ಖರ್ಚಿನಲ್ಲಿ ಮಾಡಿದ ಕೆಲಸವಾದ್ದರಿಂದ ಮಾರಾಟವಾದ ಒಂದೊಂದು ಕಾರಿಗೂ ಕಂಪೆನಿಯಿಂದ ಎರಡು ಗಿನಿ ತನ್ನ ಜೇಬಿಗೆ ಅಂತ ಕರಾರು ಮಾಡಿಸಿಕೊಂಡ. 1939ರವರೆಗೆ ಹೆಚ್ಚುಕಮ್ಮಿ 2.9 ಲಕ್ಷ ಕಾರು ಹೋದವು. ಬೇಡ ಅಂದ ನಿರ್ದೇಶಕರ ಮುಖ ಹೇಗಾಗಿರಬೇಡ! ಜರ್ಮನಿಯಲ್ಲಿ ಬಿಎಂಡಬ್ಲ್ಯು ಕಂಪೆನಿ ಕಾರಿನ ವ್ಯಾಪಾರಕ್ಕೆ ಕಾಲಿಟ್ಟಿದ್ದೂ ಇದೇ ಆಸ್ಟಿನ್ನಿನ ಪರವಾನಗಿ ಮೇಲೆ ತಯಾರಾಗ್ತಿದ್ದ ಡಿಕ್ಸಿ ಅನ್ನೋ ಕಾರಿನಿಂದ, 1928ರಲ್ಲಿ. ಇವತ್ತು ಆ ನೀಲಿ ಬಿಳಿ ಲಾಂಛನ ಕಂಡರೆ ದಾರಿ ಬಿಟ್ಟು ನಿಲ್ತಾರಲ್ಲ ಜನ, ಆ ಕಾರುಗಳ ಮೂಲ 747 ಸಿಸಿಯ ಈ ಪುಟಾಣಿಯಲ್ಲಿದೆ.

ಪುಟಾಣಿ ಅಂದರೆ ನಿಜಕ್ಕೂ ಪುಟಾಣಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಎರಡು ಮೀಟರೂ ಇಲ್ಲ. ನಾನು ಮೊದಲ ಸಲ ಅದರೊಳಗೆ ಕೂತಾಗ ನನ್ನ ಮೊಣಕೈ ಆತನ ಮೊಣಕೈಗೆ ತಾಗ್ತಿತ್ತು. ಮುಂದುಗಡೆ ನೋಡಿದರೆ ಪೆಟ್ರೋಲ್ ಟ್ಯಾಂಕು ನಮ್ಮ ಕಾಲಿನ ಮುಂದೆಯೇ, ಬಾನೆಟ್ಟಿನೊಳಗೆ. ಪಂಪು ಗಿಂಪು ಏನೂ ಇಲ್ಲ, ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ನಿಗೆ ಹೋಗುತ್ತೆ. ನೀರಿಗೂ ಪಂಪಿಲ್ಲ. ಕಾದ ನೀರು ಮೇಲಕ್ಕೇರಿ ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಕೆಳಗಿಳಿದು ಮತ್ತೆ ಎಂಜಿನ್ನಿಗೆ. ಬಚ್ಚಲ ಹಂಡೆಯ ನೀರು ಕಾಯೋದನ್ನ ನೋಡಿದ ಯಾರಿಗಾದರೂ ಅರ್ಥವಾಗೋ ವಿದ್ಯೆ. ಬಾನೆಟ್ ಎತ್ತಿದರೆ ಯಾವುದು ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಬೆರಳಿಟ್ಟು ತೋರಿಸಬಹುದು. ನನ್ನ ಮನಸ್ಸಿಗೆ ಹಿಡಿಸಿದ್ದು ಇದು.

ಕ್ಲಚ್ಚಿನ ವಿಷಯ ಮಾತ್ರ ಕೇಳಬೇಡಿ. ಪೆಡಲ್ಲಿನ ಓಟ ಕೂದಲೆಳೆಯಷ್ಟು. ಪಾದ ಸ್ವಲ್ಪ ಎತ್ತಿದರೆ ಸಾಕು, ಕಾರು ಕಪ್ಪೆ ಕುಪ್ಪಳಿಸಿದ ಹಾಗೆ ಮುಂದಕ್ಕೆ ನೆಗೆಯುತ್ತೆ. ತೊಡೆ ಅಲ್ಲಾಡಿಸದೆ ಹಿಮ್ಮಡಿ ನೆಲಕ್ಕೂರಿ ಬರೀ ಹರಡಿನಿಂದ ಬಿಡಬೇಕು. ಆತ ಅದನ್ನು ಮಾಡೋದು ನೋಡೋಕೇ ಒಂದು ಸೊಗಸು. ಗೇರು ಬದಲಾಯಿಸೋದಂತೂ ಎರಡು ಕಾಲು, ಒಂದು ಕೈ, ಎರಡು ಕಿವಿಯ ಕೆಲಸ. ಗೇರುಗಳು ತಾವಾಗಿ ಒಂದಕ್ಕೊಂದು ಹೊಂದಿಕೊಳ್ಳೋ ಏರ್ಪಾಟು ಆ ಕಾರಿನಲ್ಲಿಲ್ಲ. ಕ್ಲಚ್ ಒತ್ತು, ನ್ಯೂಟ್ರಲ್ಲಿಗೆ ತಾ, ಕ್ಲಚ್ ಬಿಡು, ಆಕ್ಸಿಲರೇಟರ್ ಒಮ್ಮೆ ಮೀಟು, ಮತ್ತೆ ಕ್ಲಚ್ ಒತ್ತು, ಕೆಳಗಿನ ಗೇರಿಗೆ ಹಾಕು. ತಪ್ಪಿದರೆ ಕರ್‍ರ್ ಅಂತ ಊರಿಗೆಲ್ಲಾ ಸುದ್ದಿ.

ಡಬಲ್ ಕ್ಲಚ್ಚು! ನನಗೆ ತಕ್ಷಣ ನೆನಪಾಗಿದ್ದು ಆಗುಂಬೆ ಘಾಟಿ. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆ ಮೇಲೆ ಕೂರೋದು ನನ್ನ ಹಕ್ಕಿನ ಜಾಗ. ತೊಡೆ ಕೆಳಗೆ ಬಿಸಿ, ಮೂಗಿಗೆ ಡೀಸೆಲ್ ವಾಸನೆ, ಆಚೆ ಕಡೆ ಕಣಿವೆ. ತಿರುವು ಬರೋಕೆ ಮುಂಚೆ ಡ್ರೈವರ್ ಕಾಲು ಎರಡು ಸಲ ಕುಣಿಯೋದು, ಎಂಜಿನ್ ಒಮ್ಮೆ ಗುಟುರು ಹಾಕೋದು, ಆ ಉದ್ದನೆ ಗೇರಿನ ಕೋಲು ಬೆಣ್ಣೆಯಲ್ಲಿ ಜಾರಿದಷ್ಟು ಸಲೀಸಾಗಿ ಒಳಕ್ಕೆ ಹೋಗೋದು. ಆ ಡ್ರೈವರ್ ಯಾರೋ, ಹೆಸರೂ ಗೊತ್ತಿಲ್ಲ. ಕೈಯಲ್ಲಿ ತಾಯತ, ಹೆಗಲ ಮೇಲೆ ಟವೆಲ್ಲು. ಬರ್ಮಿಂಗ್‌ಹ್ಯಾಮಿನ ಈ ಸೂಟಿನ ಮುದುಕರ ಪಕ್ಕದಲ್ಲಿ ಅವನನ್ನ ಕೂರಿಸಿದ್ದರೆ ಇಬ್ಬರಿಗೂ ಭಾಷೆಯ ಅಗತ್ಯವೇ ಬೀಳ್ತಿರಲಿಲ್ಲ.

ಬಲಕ್ಕೆ ತಿರುಗಬೇಕಾದರೆ ಆತ ಕಿಟಕಿಯಿಂದ ಕೈ ಹೊರಗೆ ಚಾಚ್ತಾರೆ. ಮಿಣ ಮಿಣ ದೀಪ ಆ ಕಾರಿನಲ್ಲಿಲ್ಲ. ಆಮೇಲೆ ಬಂದ ಸೆವೆನ್‌ಗಳಲ್ಲಿ ಪಕ್ಕದ ಕಂಬದಿಂದ ಪುಟ್ಟ ಕೈಮರ ಟಪ್ ಅಂತ ಎದ್ದು ನಿಲ್ತಿತ್ತಂತೆ, ಒಳಗೊಂದು ದೀಪ ಬೇರೆ. ಹಿಂದೆ ಬರೋ ಈಗಿನ ಹುಡುಗರಿಗೆ ಚಾಚಿದ ಕೈ ಅಂದರೆ ಏನೂಂತಲೇ ಗೊತ್ತಾಗಲ್ಲ. ಕೆಲವರು ತಮಗೇ ಟಾಟಾ ಮಾಡ್ತಿದ್ದಾರೆ ಅಂತ ತಿಳಕೊಂಡು ವಾಪಸ್ ಕೈ ಬೀಸ್ತಾರೆ. ಆತನಿಗೆ ಅದರಲ್ಲೂ ಖುಷಿಯೇ.

ಹ್ಯಾಂಡಲ್ ಹೊಡೆಯೋದನ್ನ ಮರೆತೆ ನೋಡಿ. ಈ ಕಾರಿಗೆ ಬ್ಯಾಟರಿ ಸ್ಟಾರ್ಟರ್ ಇದ್ದರೂ ಚಳಿಗಾಲದ ಬೆಳಗ್ಗೆ ಆತ ಹ್ಯಾಂಡಲ್ಲಿಗೇ ಕೈ ಹಾಕೋದು. ಹಿಡಿಯೋದರಲ್ಲೊಂದು ಗುಟ್ಟಿದೆ. ಹೆಬ್ಬೆರಳನ್ನ ಹಿಡಿಕೆ ಸುತ್ತಬಾರದು, ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ಇಡಬೇಕು. ಕೆಳಗಿಂದ ಮೇಲಕ್ಕೆ ಎಳೀಬೇಕೇ ಹೊರತು ಮೇಲಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ ತಿರುಗಿ ಒದ್ದರೆ ಕೈ ತಾನಾಗಿ ಬಿಟ್ಟುಹೋಗುತ್ತೆ. ಹೆಬ್ಬೆರಳು ಸುತ್ತಿದ್ದರೆ ಮಣಿಕಟ್ಟು ಮುರಿಯೋದೇ. ಆ ಕಾಲದಲ್ಲಿ ಹಾಗೆ ಕೈ ಮುರಿದುಕೊಂಡವರು ಲೆಕ್ಕವಿಲ್ಲದಷ್ಟು ಜನ. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಎಲೆಕ್ಟ್ರಿಕ್ ಸ್ಟಾರ್ಟರ್ ಕೂರಿಸಿದ್ದು ದೊಡ್ಡ ಉಪಕಾರವಾಯಿತು.

ಇನ್ನು ಫೋರ್ಡ್ ಮಾಡೆಲ್ ಟಿ ಓಡಿಸೋದು ಬೇರೆಯೇ ಜನ್ಮದ ವಿದ್ಯೆ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡಿದ ಕಾರು ಅದು. ಅದರಲ್ಲಿ ಮೂರು ಪೆಡಲ್ ಇದೆ, ಆದರೆ ಒಂದೂ ನಾವಂದುಕೊಂಡ ಕೆಲಸ ಮಾಡಲ್ಲ. ಬಲಗಡೆಯದು ಬ್ರೇಕು. ನಡುವಿನದು ರಿವರ್ಸು. ಎಡಗಡೆಯದು ಪೂರ್ತಿ ಒತ್ತಿದರೆ ಕೆಳಗಿನ ಗೇರು, ಪೂರ್ತಿ ಬಿಟ್ಟರೆ ಮೇಲಿನ ಗೇರು, ಮಧ್ಯದಲ್ಲಿ ಹಿಡಿದರೆ ನ್ಯೂಟ್ರಲ್ಲು. ಆಕ್ಸಿಲರೇಟರ್ ಎಲ್ಲಿ ಅಂದರೆ ಸ್ಟೇರಿಂಗ್ ಕೆಳಗಿನ ಕಡ್ಡಿಯಲ್ಲಿ! ಪೆಟ್ರೋಲ್ ಅದರಲ್ಲೂ ಭಾರಕ್ಕೇ ಇಳಿಯೋದರಿಂದ, ಟ್ಯಾಂಕಿನಲ್ಲಿ ಸ್ವಲ್ಪವೇ ಉಳಿದಿದ್ದಾಗ ಕಡಿದಾದ ಏರು ಬಂದರೆ ಎಂಜಿನ್ನಿಗೆ ಪೆಟ್ರೋಲ್ ಸಿಗ್ತಿರಲಿಲ್ಲ. ಜನ ಕಾರನ್ನ ತಿರುಗಿಸಿ ಹಿಮ್ಮುಖವಾಗಿ ಗುಡ್ಡ ಹತ್ತಿಸ್ತಿದ್ದರು. ನನಗಂತೂ ಈ ದೃಶ್ಯ ನೆನೆಸಿಕೊಂಡರೇ ಸಂತೋಷ ಆಗುತ್ತೆ.

ಏರು ಅಂದಾಗ ನಮ್ಮಜ್ಜ ಹೇಳ್ತಿದ್ದ ಇದ್ದಿಲು ಬಸ್ಸು ನೆನಪಿಗೆ ಬಂತು. ಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಿತ್ತಲ್ಲ, ಆಗ ನಮ್ಮ ಕಡೆಯ ಬಸ್ಸುಗಳ ಹಿಂದೆ ದೊಡ್ಡ ಡ್ರಮ್ಮು ಕೂರಿಸಿ, ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸ್ತಿದ್ದರು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರ್ ಹುಡುಗ ನಸುಕಿಗೇ ಎದ್ದು ತಿದಿ ತಿರುಗಿಸಿ ಕೆಂಡ ಮಾಡಬೇಕು. ಏರು ಬಂತೋ, ಪ್ರಯಾಣಿಕರೆಲ್ಲಾ ಇಳಿದು ನಡೀಬೇಕು, ಕೆಲವೊಮ್ಮೆ ತಳ್ಳಲೂ ಬೇಕು. ಟಿಕೆಟ್ ದುಡ್ಡು ಕೊಟ್ಟು ನಡಕೊಂಡು ಹೋದೆವು ಅಂತ ಅಜ್ಜ ಹೇಳೋವಾಗ ಅವರ ದನಿಯಲ್ಲಿ ಒಂಚೂರೂ ಬೇಸರ ಇರ್ತಿರಲಿಲ್ಲ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲೂ 1942ರ ನಂತರ ಸಾಮಾನ್ಯ ಕಾರು ಮಾಲೀಕರಿಗೆ ಪೆಟ್ರೋಲ್ ಸಿಗೋದೇ ನಿಂತು, ಸಾವಿರಾರು ಕಾರುಗಳು ಚಕ್ರ ಬಿಚ್ಚಿ ಇಟ್ಟಿಗೆ ಮೇಲೆ ಕೂತವು. ಕಾರ್ಖಾನೆಗಳು ಟ್ಯಾಂಕು, ವಿಮಾನಕ್ಕೆ ತಿರುಗಿಕೊಂಡವು. ಯುದ್ಧಕ್ಕೆ ಮುಂಚಿನ ಕಾರು ಅಂತ ಗೆರೆ ಎಳೆಯೋದು ಬರೀ ಶೋಕಿಗಲ್ಲ, ಅಲ್ಲಿ ನಿಜಕ್ಕೂ ಒಂದು ಕಾಲ ನಿಂತುಹೋಯಿತು.

ಒಂದು ಸಂಜೆ ಆಕೆ ಚಹಾಕ್ಕೆ ಕರೆದು ಗ್ರಾಮೋಫೋನ್ ಹಾಕಿದರು. 78 ಸುತ್ತಿನ ತಟ್ಟೆ. ಒಂದು ಮಗ್ಗುಲು ಮೂರು ನಿಮಿಷ ಓಡುತ್ತೆ, ಮುಗಿದ ಮೇಲೆ ಉಕ್ಕಿನ ಮುಳ್ಳು ಬಿಚ್ಚಿ ಬಿಸಾಕಿ ಹೊಸದು ಹಾಕಬೇಕು, ಮತ್ತೆ ಕೀಲಿ ಕೊಡಬೇಕು. ಮೂರು ನಿಮಿಷದ ಹಾಡಿಗೆ ಇಷ್ಟು ಉಪಚಾರ ಮಾಡಿದ ಮೇಲೆ ಯಾರಿಗೆ ತಾನೇ ಅದನ್ನ ಕಿವಿಗೊಟ್ಟು ಕೇಳದೆ ಇರೋಕೆ ಮನಸ್ಸು ಬರುತ್ತೆ ಹೇಳಿ? ಆ ತಟ್ಟೆ ಮಾಡ್ತಿದ್ದಿದ್ದು ಅರಗಿನಿಂದ. ಕಲ್ಲಿನ ಪುಡಿ ಬೆರೆಸಿದ ಅರಗು. ಅದು ಹೋಗ್ತಿದ್ದಿದ್ದು ಹೆಚ್ಚಾಗಿ ನಮ್ಮ ಛೋಟಾ ನಾಗಪುರದ ಕಾಡುಗಳಿಂದ. ನಮ್ಮ ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚೋ ಅದೇ ಅರಗು! ಆಕೆಗೆ ಹೇಳಿದೆ. ಮುಂದಿನ ಸಲ ಬರೋವಾಗ ಒಂದು ಗೊಂಬೆ ತಂದುಕೊಡಬೇಕು ಅಂದರು. ಕಳಿಸಿಕೊಟ್ಟೆ ಅನ್ನಿ, ರೇಡಿಯೋ ಪಕ್ಕದಲ್ಲೇ ಇಟ್ಟಿದ್ದಾರಂತೆ.

ಗ್ರಾಮೋಫೋನ್ ಅಂದ ಮೇಲೆ ಗೋಹರ್ ಜಾನ್ ಹೆಸರು ಹೇಳದೆ ಹೇಗೆ ಮುಂದೆ ಹೋಗೋದು? 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಕೊಟ್ಟ ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳ್ತಿದ್ದಳು. ತಟ್ಟೆ ಅಚ್ಚಾಗ್ತಿದ್ದಿದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಚೀಟಿ ಅಂಟಿಸೋಕೆ ಯಾರು ಹಾಡಿದ್ದು ಅಂತ ಗೊತ್ತಾಗಬೇಕಲ್ಲ. ಅಷ್ಟು ಮೆರೆದ ಆ ಜೀವ ಕೊನೆಗೆ ನಾಲ್ವಡಿಯವರ ಆಸ್ಥಾನ ವಿದುಷಿಯಾಗಿ ನಮ್ಮ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಇಲ್ಲೇ ಕಣ್ಣು ಮುಚ್ಚಿತು. ಈ ಆಸ್ಟಿನ್ ಕಾರು ಕಾರ್ಖಾನೆ ಬಿಟ್ಟಿದ್ದು ಅದರ ಮರುವರ್ಷ. ಹಾಗೆ ಜೋಡಿಸಿಕೊಂಡು ನೋಡಿದರೆ ಆ ಕಾಲ ನಮಗೇನೂ ಪರಕೀಯ ಅಲ್ಲ ಅನ್ನಿಸುತ್ತೆ, ಅಲ್ವಾ?

ಅರಗಿನ ಮಾತು ಇನ್ನೂ ಮುಗಿದಿಲ್ಲ. ಆ ಕಾಲದ ಎಷ್ಟೋ ಕಾರುಗಳಲ್ಲಿ ಪೆಟ್ರೋಲಿನ ಮಟ್ಟಕ್ಕೆ ತಕ್ಕ ಹಾಗೆ ತೇಲೋಕೆ ಕಾರ್ಕಿನ ಫ್ಲೋಟ್ ಇರ್ತಿತ್ತು, ಅದಕ್ಕೆ ಅರಗಿನ ಲೇಪ. ನಮ್ಮ ಹಳೇ ಮೆಕ್ಯಾನಿಕ್ಕುಗಳು ಗ್ಯಾಸ್ಕೆಟ್ಟಿಗೆ ಶೆಲ್ಯಾಕ್ ಹಚ್ಚಿ ಕೂರಿಸ್ತಿದ್ದಿದ್ದು ನೋಡಿದ್ದೀರಲ್ಲ, ಅದೇ. ಪೆಟ್ರೋಲಿಗೂ ಎಣ್ಣೆಗೂ ಅರಗು ಜಗ್ಗಲ್ಲ. ಆದರೆ ಆಲ್ಕೋಹಾಲಿಗೆ ಕರಗಿಹೋಗುತ್ತೆ. ಈಗಿನ ಪೆಟ್ರೋಲಿನಲ್ಲಿ ಇರೋದು ಏನು? ಎಥನಾಲು! ಬ್ರಿಟನ್ನಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲಿನಲ್ಲಿ ಶೇ. 10ರವರೆಗೆ, ನಮ್ಮಲ್ಲಿ ಶೇ. 20. ಹಳೇ ರಬ್ಬರ್ ಪೈಪುಗಳನ್ನೂ ಅದು ಮೆತ್ತಗೆ ಮಾಡುತ್ತೆ, ತೇವ ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತೆ. ಅದಕ್ಕೇ ಬರ್ಮಿಂಗ್‌ಹ್ಯಾಮಿನ ಆ ಮುದುಕರು ಎಥನಾಲ್ ಕಡಿಮೆ ಇರೋ ದುಬಾರಿ ಪೆಟ್ರೋಲನ್ನೇ ಹುಡುಕಿ ಹಾಕಿಸೋದು. ನಮ್ಮಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಪೈಪು, ಗ್ಯಾಸ್ಕೆಟ್ಟು ಎಲ್ಲಾ ಎಥನಾಲ್ ತಡೆಯೋ ಜಾತಿಯದಕ್ಕೆ ಬದಲಾಯಿಸಿಕೊಳ್ಳೋದೇ ವಾಸಿ.

ಇಷ್ಟೆಲ್ಲಾ ರಗಳೆ ಯಾಕೆ, ಯಾವುದಾದರೂ ಹೊಸ ಕಾರು ತಗೊಂಡು ಹಾಯಾಗಿರಬಾರದೇ ಅಂತ ಕೇಳೋರು ಅಲ್ಲೂ ಇದ್ದಾರೆ. ನನಗೆ ಉತ್ತರ ಸಿಕ್ಕಿದ್ದು ಒಂದು ಭಾನುವಾರ ಅವರ ಗ್ಯಾರೇಜಿನಲ್ಲಿ. ಎಂಜಿನ್ನಿನ ಹೆಡ್ ಬಿಚ್ಚಿ ಇಟ್ಟಿದ್ದರು. ಕೆಲವು ನಟ್ಟು, ಅಷ್ಟೇ, ಇಡೀ ಹೆಡ್ ಕೈಗೆ ಬರುತ್ತೆ. ಮರದ ಚೂಪು ತುಂಡಿನಿಂದ ಕಾರ್ಬನ್ ಕೆರೀತಿದ್ದರು. ಪಕ್ಕದಲ್ಲಿ ಕಾರಿನ ಜೊತೆ ಬಂದ ಹಳೇ ಕೈಪಿಡಿ, ಪುಟದ ಅಂಚಿನಲ್ಲೆಲ್ಲಾ ಗ್ರೀಸಿನ ಬೆರಳ ಗುರುತು. ಅದರಲ್ಲಿ ಕಾರ್ಬನ್ ತೆಗೆಯೋದು, ವಾಲ್ವ್ ಉಜ್ಜೋದು, ಬ್ರೇಕ್ ಸರಿ ಮಾಡೋದು ಎಲ್ಲಾ ಕಾರಿನ ಮಾಲೀಕನಿಗೇ ಹೇಳಿಕೊಟ್ಟಿದೆ. ಈಗಿನ ಕೈಪಿಡಿ ತೆಗೆದು ನೋಡಿ, ಪುಟ ಪುಟಕ್ಕೂ ಅಧಿಕೃತ ಡೀಲರನ್ನ ಕಾಣಿ ಅಂತ ಇರುತ್ತೆ. ಆಗಿನವರು ಕೊಂಡವನನ್ನ ನಂಬಿದ್ದರು. ನಿನ್ನ ಕೈಯಲ್ಲಿ ಆಗುತ್ತೆ ಮಾರಾಯಾ, ಮಾಡು ಅಂತ ಧೈರ್ಯ ಕೊಟ್ಟಿದ್ದರು. ನನಗೆ ಆ ಕಾಲದ ಮೇಲೆ ಗೌರವ ಬಂದಿದ್ದು ಸೂಟಿನಿಂದಲ್ಲ, ಈ ನಂಬಿಕೆಯಿಂದ.

ಆ ದೇಶದಲ್ಲಿ ಇದಕ್ಕೆಲ್ಲಾ ಅನುಕೂಲವೂ ಇದೆ ಬಿಡಿ. 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ವರ್ಷ ವರ್ಷದ ತಪಾಸಣೆಯ ಕಡ್ಡಾಯವೂ ಇಲ್ಲ. 1934ರಿಂದ ಹಳೇ ಕಾರಿನವರ ಕ್ಲಬ್ಬು, 1939ರಿಂದ ಬರೀ ಈ 750 ಸಿಸಿ ಕಾರಿನ ಪ್ರೇಮಿಗಳದ್ದೇ ಇನ್ನೊಂದು ಕ್ಲಬ್ಬು. ಬೇಕಾದ ಬಿಡಿಭಾಗ ಹೆಚ್ಚುಕಮ್ಮಿ ಎಲ್ಲಾ ಹೊಸದಾಗಿ ಮಾಡಿಕೊಡೋರಿದ್ದಾರೆ. ಲೋಟಸ್ ಕಂಪೆನಿ ಕಟ್ಟಿದ ಕಾಲಿನ್ ಚಾಪ್‌ಮನ್ ತನ್ನ ಮೊದಲ ಕಾರು ಮಾಡಿಕೊಂಡಿದ್ದೂ, ರೇಸುಗಾರ ಬ್ರೂಸ್ ಮೆಕ್‌ಲಾರೆನ್ ಮೊದಲು ರೇಸಿಗಿಳಿದಿದ್ದೂ ಆಸ್ಟಿನ್ ಸೆವೆನ್ನಿನಲ್ಲೇ. ಬಿಚ್ಚಿ ಜೋಡಿಸೋಕೆ ಬಿಟ್ಟರೆ ಹುಡುಗರು ಎಲ್ಲಿಗೆ ಹೋಗಿ ಮುಟ್ತಾರೆ ನೋಡಿ.

ನಮ್ಮಲ್ಲೂ ಹಳೇ ಕಾರು ಪ್ರೀತಿಸೋರಿಗೆ ಬರವಿಲ್ಲ. ಧರ್ಮಸ್ಥಳಕ್ಕೆ ಹೋದವರು ದರ್ಶನ ಮುಗಿಸಿ ಅಲ್ಲಿಯ ಕಾರು ಸಂಗ್ರಹದ ಮುಂದೆ ನಿಂತೇ ಬರೋದು, ಮಕ್ಕಳನ್ನ ಎಬ್ಬಿಸಿಕೊಂಡು ಬರೋಕೇ ಸಾಕು ಸಾಕಾಗುತ್ತೆ. ಮಿರಮಿರ ಮಿಂಚ್ತಾ ನಿಂತಿರುತ್ತವೆ. ನನಗೂ ನೋಡೋಕೆ ಇಷ್ಟವೇ. ಆದರೆ ಕಾರನ್ನ ನೋಡಿದರೆ ಅರ್ಧ, ಅದರ ಸದ್ದು ಕೇಳಿ, ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಪೂರ್ತಿ. ನಿಂತ ಕಾರು ಸುಮ್ಮನೆ ನಿಂತಿರಲ್ಲ, ಒಳಗೊಳಗೇ ಹಾಳಾಗ್ತಿರುತ್ತೆ. ಪೆಟ್ರೋಲ್ ಅಂಟಾಗುತ್ತೆ, ಸೀಲುಗಳು ಒಣಗಿ ಬಿರುಕು ಬಿಡುತ್ತವೆ, ವಾಲ್ವು ಕಚ್ಚಿಕೊಳ್ಳುತ್ತೆ, ಟೈರು ಒಂದೇ ಮಗ್ಗುಲಿಗೆ ಚಪ್ಪಟೆಯಾಗುತ್ತೆ.

ಕೇಂದ್ರ ಸರ್ಕಾರ 2021ರಲ್ಲಿ ಹಳೇ ಗಾಡಿಗಳಿಗೆಂದೇ ನಿಯಮ ಮಾಡಿತಲ್ಲ. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ಅಂತ ನೋಂದಣಿ. ಶುಲ್ಕ 20 ಸಾವಿರ, 10 ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5 ಸಾವಿರ. ಹಳೇ ನಂಬರಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ವಿಎ ಅಂತ ಬರುತ್ತೆ. ಒಳ್ಳೆಯ ಕೆಲಸ. ಆದರೆ ಆ ನೋಂದಣಿಯ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಬರ್ಮಿಂಗ್‌ಹ್ಯಾಮಿನ ಆ ದಂಪತಿ ಇಲ್ಲಿದ್ದಿದ್ದರೆ ತರಕಾರಿಗೆ ಆಟೋದಲ್ಲಿ ಹೋಗಬೇಕಾಗ್ತಿತ್ತು! ವಾರಕ್ಕೊಮ್ಮೆಯಾದರೂ ಮನೆ ಕೆಲಸಕ್ಕೆ ಓಡಿಸೋಕೆ ಬಿಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಷ್ಟು ಕಡಿಮೆ ಗಾಡಿಗಳಿಂದ ಊರಿನ ಗಾಳಿ ಕೆಡಲ್ಲ. ಸದ್ಯಕ್ಕೆ ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸೋಕೆ ರಸ್ತೆಗಿಳಿಸಬಹುದು. ಅಷ್ಟಾದರೂ ಇದೆಯಲ್ಲ, ಅದನ್ನೇ ಪೂರ್ತಿ ಬಳಸಿಕೊಳ್ಳೋಣ.

ಅದಕ್ಕೇ ಹೇಳ್ತೀನಿ, ನಿಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲೋ, ಊರಿನ ತೋಟದ ಮನೆಯಲ್ಲೋ ತಾತನ ಕಾಲದ ಆಸ್ಟಿನ್ನೋ, ಮಾರಿಸ್ಸೋ, ಫೋರ್ಡೋ ತೆಂಗಿನ ಗರಿ ಹೊದ್ದುಕೊಂಡು ಕೂತಿದ್ದರೆ ದಯವಿಟ್ಟು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಮೊದಲು ಟ್ರಂಕು, ಬೀರು ಜಾಲಾಡಿ ಅದರ ನೋಂದಣಿ ಪುಸ್ತಕ ಹುಡುಕಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ದಿನ ನೆನೆಯೋಕೆ ಬಿಡಿ. ಪ್ಲಗ್ ಹಾಕದೆ, ಗೇರನ್ನ ನ್ಯೂಟ್ರಲ್ಲಿನಲ್ಲಿಟ್ಟು ಹ್ಯಾಂಡಲ್ಲಿನಿಂದ ನಿಧಾನಕ್ಕೆ ತಿರುಗಿಸಿ ನೋಡಿ, ಜೋರು ಮಾಡಬೇಡಿ. ತಿರುಗಿತು ಅಂದರೆ ಆ ಎಂಜಿನ್ ಇನ್ನೂ ಬದುಕಿದೆ ಅಂತ ಲೆಕ್ಕ. ಊರಿನ ಹಳೇ ಮೆಕ್ಯಾನಿಕ್ ಯಾರಾದರೂ ಇದ್ದರೆ ಅವತ್ತೇ ಹೋಗಿ ಕರಕೊಂಡು ಬನ್ನಿ. ಡಬಲ್ ಕ್ಲಚ್ಚು ಗೊತ್ತಿರೋ ತಲೆಮಾರು ಇನ್ನೂ ನಮ್ಮ ನಡುವೆ ಇದೆ.